ಸುರಂಗದ ಹಲ್ಲು, ಸವೆತದ ಲೆಕ್ಕ

ಹಿಮಾಯತ್‌ನಗರದಲ್ಲಿ ಹಳೆಯ ಬಂಗಲೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಲು ಸೆಲ್ಲಾರ್ ತೋಡತೊಡಗಿದರೆಂದರೆ ಸುತ್ತಲಿನ ಹತ್ತು ಮನೆಗಳಿಗೆ ನೆಮ್ಮದಿ ಹೋಯಿತೆಂದೇ ಲೆಕ್ಕ. ಮೇಲಿನ ಮೊರಂ ಮಣ್ಣನ್ನು ಜೆಸಿಬಿ ಸಲೀಸಾಗಿ ಬಾಚಿಬಿಡುತ್ತದೆ. ಅದರಡಿ ಕಾದಿರುವುದು ಹೈದರಾಬಾದಿನ ಗ್ರಾನೈಟು, ಸುಮಾರು 250 ಕೋಟಿ ವರ್ಷದ ಕಲ್ಲು. ಆಗ ಬ್ರೇಕರ್ ಬರುತ್ತದೆ. ಅದರ ಉಳಿ ಬೆಳಗಿನಿಂದ ಸಂಜೆಯವರೆಗೆ ಕಲ್ಲನ್ನು ಗುದ್ದುತ್ತದೆ. ನಿಂತು ನೋಡುವ ತಾಳ್ಮೆಯಿದ್ದವರಿಗೆ ಒಂದು ಸಂಗತಿ ಕಾಣುತ್ತದೆ: ಆಪರೇಟರ್ ಆಗಾಗ ಯಂತ್ರ ನಿಲ್ಲಿಸಿ, ಕೆಳಗಿಳಿದು, ಉಳಿಯ ಮೂತಿಯನ್ನು ನೋಡುತ್ತಾನೆ. ಮೊಂಡಾಗಿದ್ದರೆ ಕಳಚಿ ಪಕ್ಕಕ್ಕಿಟ್ಟು ಬೇರೆಯದನ್ನು ಸಿಕ್ಕಿಸುತ್ತಾನೆ. ಅವನಿಗೆ ಸೆನ್ಸರ್ ಬೇಡ, ಇಂಜಿನಿಯರ್ ಬೇಡ. ಕಣ್ಣೆದುರೇ ಇದೆ ಉಳಿ.

ಇದೇ ಕಲ್ಲನ್ನು ನೆಲದಿಂದ ಹದಿನೈದಿಪ್ಪತ್ತು ಮೀಟರ್ ಕೆಳಗೆ, ಉಳಿ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೊರೆಯಬೇಕಾಗಿ ಬಂದರೆ? ಹೈದರಾಬಾದ್ ಮೆಟ್ರೊ ಈ ಪ್ರಶ್ನೆಯ ತಂಟೆಗೇ ಹೋಗಲಿಲ್ಲ. ಮೊದಲ ಹಂತದ 69 ಕಿ.ಮೀ. ಅಷ್ಟೂ ಕಂಬಗಳ ಮೇಲೆಯೇ ಓಡುತ್ತದೆ; ಹಿಮಾಯತ್‌ನಗರಕ್ಕೆ ಹತ್ತಿರದ ನಾರಾಯಣಗುಡ ನಿಲ್ದಾಣವೂ ರಸ್ತೆಯ ನೆತ್ತಿಯ ಮೇಲಿದೆ. ಬೆಂಗಳೂರು ಆ ಸುಖ ಪಡೆಯಲಿಲ್ಲ. ನಮ್ಮ ಮೆಟ್ರೊದ ಮೊದಲ ಹಂತದಲ್ಲಿ 8.8 ಕಿ.ಮೀ., ಆಮೇಲಿನ ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್‌ನಿಂದ ನಾಗವಾರದವರೆಗೆ 13.76 ಕಿ.ಮೀ. ನೆಲದಡಿ ಸಾಗಿತು. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಸೂರ್ಯಾಸ್ತ ನೋಡಿದವರೆಲ್ಲ ಆ ಸುರಂಗಗಳು ಎಂಥ ಕಲ್ಲನ್ನು ಎದುರಿಸಿದವೆಂದು ಕಾಲಡಿಯಲ್ಲೇ ಮುಟ್ಟಿದ್ದಾರೆ. ಸುಮಾರು 300 ಕೋಟಿ ವರ್ಷದ ನೈಸ್ ಶಿಲೆ ಅದು, ಹೈದರಾಬಾದಿನ ಗ್ರಾನೈಟಿನ ದಾಯಾದಿ.

ಗುಲಾಬಿ ಮಾರ್ಗದಲ್ಲಿ ಒಂಬತ್ತು ಸುರಂಗ ಯಂತ್ರಗಳು ಕೆಲಸ ಮಾಡಿದವು: ಊರ್ಜಾ, ವಿಂಧ್ಯ, ಅವನಿ, ಲವಿ, ವರದಾ, ರುದ್ರ, ವಾಮಿಕಾ, ತುಂಗಾ, ಭದ್ರಾ. ಕೊನೆಯದಾದ ಭದ್ರಾ 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ ಗೋಡೆ ಒಡೆದು ಹೊರಬಂತು. ಯಂತ್ರ ಹೊರಬಂದಾಗಲೆಲ್ಲ ಹೂವಿನ ಹಾರ, ರಾಷ್ಟ್ರಧ್ವಜ, ಚಪ್ಪಾಳೆ, ಪತ್ರಿಕೆಯಲ್ಲಿ ಚಿತ್ರ. ಚಿತ್ರದಲ್ಲಿ ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಿರುತ್ತಾರೆ. ಅವರ ಬೆನ್ನ ಹಿಂದೆ ಮಣ್ಣು ಮೆತ್ತಿಕೊಂಡು ನಿಂತ ದುಂಡನೆಯ ಉಕ್ಕಿನ ಮುಖವಿದೆಯಲ್ಲ, ಅದರ ಹಲ್ಲುಗಳ ಕಡೆ ನೋಡುವವರು ಕಡಿಮೆ. ಕಥೆಯೆಲ್ಲ ಬರೆದಿರುವುದು ಅಲ್ಲಿ.

ಆ ಮುಖಕ್ಕೆ ಕಟರ್‌ಹೆಡ್ ಎನ್ನುತ್ತಾರೆ. ಮೆಟ್ರೊ ಸುರಂಗಕ್ಕಾದರೆ ಸುಮಾರು ಆರೂವರೆ ಮೀಟರ್ ವ್ಯಾಸ. ಅದರಲ್ಲಿ ಎರಡು ಜಾತಿಯ ಹಲ್ಲುಗಳಿರುತ್ತವೆ. ಮೆತ್ತನೆಯ ನೆಲವನ್ನು ಕೆರೆದು ಒಳಕ್ಕೆ ತಳ್ಳುವ ಸ್ಕ್ರೇಪರ್‌ಗಳು ಒಂದು ಜಾತಿ. ಅವುಗಳ ಅಂಚಿಗೆ ಟಂಗ್‌ಸ್ಟನ್ ಕಾರ್ಬೈಡ್ ಕೂರಿಸಿರುತ್ತಾರೆ. ಕಲ್ಲಿಗೆಂದೇ ಇರುವವು ಡಿಸ್ಕ್ ಕಟರ್‌ಗಳು. ಹದಿನೇಳು ಅಥವಾ ಹತ್ತೊಂಬತ್ತು ಇಂಚಿನ ಗಾಲಿ, ಅದರ ಸುತ್ತ ಗಟ್ಟಿ ಉಕ್ಕಿನ ಬಳೆ, ಒಳಗೆ ಬೇರಿಂಗು, ಎಣ್ಣೆ, ಸೀಲು. ಡಿಸ್ಕಿಗೆ ತನ್ನದೇ ಮೋಟರ್ ಇಲ್ಲ. ಕಟರ್‌ಹೆಡ್ ತಿರುಗಿದಂತೆ ಕಲ್ಲಿನ ಮೇಲೆ ಒತ್ತಿಕೊಂಡು ತಾನಾಗಿಯೇ ಉರುಳಬೇಕು. ಒಂದು ಹದಿನೇಳಿಂಚಿನ ಡಿಸ್ಕ್ ಸುಮಾರು 25 ಟನ್ ಒತ್ತಡ ತಡೆಯಬಲ್ಲದು. ಆ ಭಾರವೆಲ್ಲ ಬೀಳುವುದು ಹೆಬ್ಬೆರಳಿನಗಲದ ಅಂಚಿನ ಮೇಲೆ. ಡಿಸ್ಕ್ ಕಲ್ಲನ್ನು ಕತ್ತರಿಸುವುದಿಲ್ಲ. ಅಂಚಿನಡಿಯ ಕಲ್ಲನ್ನು ಪುಡಿ ಮಾಡಿ ಬಿರುಕು ಎಬ್ಬಿಸುತ್ತದೆ. ಒಂದು ಡಿಸ್ಕ್ ಎಬ್ಬಿಸಿದ ಬಿರುಕು ಏಳೆಂಟು ಸೆಂಟಿಮೀಟರ್ ಆಚೆ ಓಡುವ ಇನ್ನೊಂದು ಡಿಸ್ಕಿನ ಬಿರುಕಿಗೆ ಕೂಡಿದಾಗ ನಡುವಿನ ಕಲ್ಲು ಚಕ್ಕೆಯಾಗಿ ಹಾರುತ್ತದೆ. 1956ರಲ್ಲಿ ಅಮೆರಿಕದ ಜೇಮ್ಸ್ ರಾಬಿನ್ಸ್ ಟೊರಾಂಟೊದ ಹಂಬರ್ ಚರಂಡಿ ಸುರಂಗಕ್ಕೆ ಬರೀ ಡಿಸ್ಕ್‌ಗಳ ಯಂತ್ರವನ್ನು ಇಳಿಸಿದ ಮೇಲೆ ಗಟ್ಟಿ ಕಲ್ಲಿನಲ್ಲಿ ಯಂತ್ರದಿಂದ ಸುರಂಗ ಕೊರೆಯಬಹುದೆಂಬ ನಂಬಿಕೆ ಬೇರೂರಿತು. ಇವತ್ತಿನ ಯಂತ್ರಗಳಲ್ಲೂ ತತ್ವ ಅದೇ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಕಟರ್‌ಹೆಡ್ಡಿನ ತೀರ ಅಂಚಿನಲ್ಲಿರುವ ಡಿಸ್ಕಿಗೆ ಗೇಜ್ ಕಟರ್ ಎನ್ನುತ್ತಾರೆ. ಸುರಂಗದ ಅಳತೆಯನ್ನು ಕಾಯುವುದು ಅದೇ. ಮಧ್ಯದಿಂದ 3.3 ಮೀಟರ್ ದೂರದಲ್ಲಿದ್ದರೆ ಒಂದು ಸುತ್ತಿಗೆ ಅದು ಸುಮಾರು 20.7 ಮೀಟರ್ ಓಡಬೇಕು. ಗಟ್ಟಿ ಕಲ್ಲಿನಲ್ಲಿ ಸುತ್ತಿಗೆ 5 ಮಿ.ಮೀ. ಒಳಹೊಕ್ಕರೆ ಒಂದು ಮೀಟರ್ ಸುರಂಗಕ್ಕೆ 200 ಸುತ್ತು. ಅಂದರೆ ಯಂತ್ರ ಒಂದು ಮೀಟರ್ ಮುಂದೆ ಹೋಗುವಷ್ಟರಲ್ಲಿ ಅಂಚಿನ ಡಿಸ್ಕ್ ನಾಲ್ಕು ಕಿ.ಮೀ.ಗೂ ಹೆಚ್ಚು ಓಡಿರುತ್ತದೆ. ನಡುವಿನಲ್ಲಿ, 30 ಸೆಂ.ಮೀ. ದೂರದಲ್ಲಿರುವ ಡಿಸ್ಕ್ ಓಡುವುದು ಅದೇ ಹೊತ್ತಿನಲ್ಲಿ 400 ಮೀಟರ್ ಕೂಡ ಇಲ್ಲ. ಊರ್ಜಾ ಕಂಟೋನ್ಮೆಂಟ್‌ನಿಂದ ಶಿವಾಜಿನಗರಕ್ಕೆ 855 ಮೀಟರ್ ಕೊರೆದು 2021ರ ಸೆಪ್ಟೆಂಬರ್ 22ರಂದು ಹೊರಬಂತು. ಅಷ್ಟೂ ದೂರ ಇಂಥದೇ ಕಲ್ಲಿದ್ದಿದ್ದರೆ ಅದರ ಅಂಚಿನ ಜಾಗದ ಡಿಸ್ಕ್‌ಗಳು ಓಡಬೇಕಾದ ಹಾದಿ 3,500 ಕಿ.ಮೀ., ಹೆಚ್ಚುಕಡಿಮೆ ಕನ್ಯಾಕುಮಾರಿಯಿಂದ ಕಾಶ್ಮೀರದಷ್ಟು. ಒಂದೇ ಬಳೆ ಅಷ್ಟು ದೂರ ಬಾಳುವುದಿಲ್ಲ. ಎಷ್ಟು ಸಲ, ಎಲ್ಲೆಲ್ಲಿ, ಯಾವಾಗ ಬದಲಿಸಬೇಕು ಎಂಬುದೇ ಸುರಂಗದ ವೇಗವನ್ನೂ ಖರ್ಚನ್ನೂ ನಿರ್ಧರಿಸುತ್ತದೆ.

ಕಲ್ಲು ಗಟ್ಟಿಯಾಗಿದ್ದರೆ ಡಿಸ್ಕ್ ಬೇಗ ಸವೆಯುತ್ತದೆ ಎಂದುಕೊಳ್ಳುತ್ತೇವೆ. ಅರ್ಧ ಮಾತ್ರ ನಿಜ. ಶಹಾಬಾದ್ ಕಲ್ಲೂ ಗಟ್ಟಿಯೇ. ಹೈದರಾಬಾದ್, ಕಲಬುರಗಿಯ ಹಳೆಯ ಮನೆಗಳ ನೆಲವೆಲ್ಲ ಅದೇ. ಆದರೆ ಅದು ಸುಣ್ಣದ ಕಲ್ಲು, ಉಕ್ಕನ್ನು ಕೆರೆಯುವ ಶಕ್ತಿ ಅದಕ್ಕಿಲ್ಲ. ಗ್ರಾನೈಟ್, ನೈಸ್‌ಗಳಲ್ಲಿ ಕಾಲು ಪಾಲೋ ಮೂರನೇ ಒಂದು ಪಾಲೋ ಬೆಣಚುಕಲ್ಲಿನ ಕಣಗಳಿರುತ್ತವೆ. ಉಕ್ಕನ್ನು ತಿನ್ನುವುದು ಆ ಕಣ. ಇದನ್ನು ಮೊದಲೇ ಅಳೆಯಲು ಫ್ರಾನ್ಸಿನ ಕಲ್ಲಿದ್ದಲು ಸಂಶೋಧನಾ ಸಂಸ್ಥೆ ಸೆರ್ಶಾರ್ ಒಂದು ಪರೀಕ್ಷೆ ರೂಪಿಸಿತು. ಸರಳತೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಚೂಪಾದ ಉಕ್ಕಿನ ಮೊನೆಯೊಂದನ್ನು ಏಳು ಕೆಜಿ ಭಾರದಡಿ ಕಲ್ಲಿನ ಮೇಲೆ ಬರೀ 10 ಮಿ.ಮೀ. ಗೀರುವುದು, ಆಮೇಲೆ ಸೂಕ್ಷ್ಮದರ್ಶಕದಡಿ ಮೊನೆ ಎಷ್ಟು ಚಪ್ಪಟೆಯಾಗಿದೆ ನೋಡುವುದು. ಚಪ್ಪಟೆಯಾದ ಭಾಗದ ಅಗಲ ಮಿಲಿಮೀಟರಿನ ಹತ್ತನೇ ಒಂದಾದರೆ ಒಂದು ಅಂಕ, ಹತ್ತನೇ ನಾಲ್ಕಾದರೆ ನಾಲ್ಕು. ಗ್ರಾನೈಟ್‌ಗಳು ಸಾಮಾನ್ಯವಾಗಿ ನಾಲ್ಕರ ಆಸುಪಾಸು, ಅದರ ಮೇಲೂ ನಿಲ್ಲುತ್ತವೆ. ಕೋಟಿಗಟ್ಟಲೆ ಬೆಲೆಯ ಯಂತ್ರದ ಹಣೆಬರಹದಲ್ಲಿ ಇಷ್ಟು ಚಿಕ್ಕ ಗೀರಿಗೆ ಇಷ್ಟು ದೊಡ್ಡ ಪಾಲು.

ಗೀರು ಹೇಳುವುದು ಒಂದೇ ಬಗೆಯ ಸಾವನ್ನು, ವಯಸ್ಸಾಗಿ ಸಾಯುವುದನ್ನು. ಬಳೆ ಸುತ್ತಲೂ ಸಮನಾಗಿ ಸವೆದರೆ ಅದು ಒಳ್ಳೆಯ ಸಾವು, ಲೆಕ್ಕಕ್ಕೆ ಸಿಗುತ್ತದೆ. ಕೆಟ್ಟ ಸಾವುಗಳು ಬೇರೆ ಇವೆ. ಅಂಚಿನಿಂದ ಉಕ್ಕು ಚಕ್ಕೆಯಾಗಿ ಏಳುವುದು. ಬಳೆ ಬಿರುಕು ಬಿಟ್ಟು ಕಳಚಿ ಬೀಳುವುದು. ಸೀಲ್ ಹರಿದು ಒಳಗೆ ಮಣ್ಣು ಸೇರಿ ಬೇರಿಂಗ್ ಹಿಡಿದುಬಿಡುವುದು. ಕೊನೆಯದು ಮಹಾ ಕೆಟ್ಟದ್ದು. ಅಚ್ಚು ಹಿಡಿದ ಗಾಡಿ ಚಕ್ರ ಎತ್ತು ಎಳೆದಂತೆಲ್ಲ ಉರುಳದೆ ರಸ್ತೆಗೆ ಉಜ್ಜಿಕೊಂಡು ಹೋಗುವಂತೆ, ಡಿಸ್ಕ್ ತಿರುಗದೆ ಕಲ್ಲಿನ ಮೇಲೆ ಜಾರತೊಡಗುತ್ತದೆ. ಒಂದೇ ಬದಿ ಉಜ್ಜಿ ಉಜ್ಜಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಮೇಲೆ ಬೇರಿಂಗ್ ಸರಿಯಿದ್ದರೂ ಅದು ಇನ್ನು ಉರುಳಲಾರದು. ದಿನಗಟ್ಟಲೆ ಬಾಳಬೇಕಾದ ಬಳೆ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ.

ಬೆಂಗಳೂರಿನ ನೆಲ ಈ ಕೆಟ್ಟ ಸಾವುಗಳಿಗೆ ಹೇಳಿ ಮಾಡಿಸಿದ್ದು. ಇಡೀ ಮುಖ ಗಟ್ಟಿ ಕಲ್ಲಾಗಿದ್ದರೆ ಯಂತ್ರ ನಿಧಾನವಾಗಿಯಾದರೂ ಹದವಾಗಿ ಹೋಗುತ್ತದೆ. ಇಡೀ ಮುಖ ಮಣ್ಣಾಗಿದ್ದರೆ ಇನ್ನೂ ಸಲೀಸು. ಇಲ್ಲಿ ಎರಡೂ ಅಲ್ಲ. ಲಕ್ಷಾಂತರ ವರ್ಷ ನೀರು ಇಳಿದು ನೈಸ್ ಶಿಲೆ ಬಿರುಕಿನಗುಂಟ ಕೊಳೆತು ಮೊರಂ ಆಗಿದೆ. ಕೊಳೆಯದ ಭಾಗ ಗುಂಡುಕಲ್ಲಾಗಿ ಆ ಮೊರಂನಲ್ಲಿ ಹುದುಗಿ ಕೂತಿದೆ. ಹಾಗಾಗಿ ಯಂತ್ರದ ಮುಖದ ಕೆಳಗಿನ ಅರ್ಧ ಕಲ್ಲು, ಮೇಲಿನ ಅರ್ಧ ಮಣ್ಣು. ಇಂಜಿನಿಯರುಗಳ ಬಾಯಲ್ಲಿ ಮಿಕ್ಸ್‌ಡ್ ಫೇಸ್. ಪ್ರತಿ ಸುತ್ತಿನಲ್ಲೂ ಡಿಸ್ಕ್ ಮೆತ್ತನೆಯ ಮಣ್ಣಿನಿಂದ ಬಂದು ಕಲ್ಲಿನ ಅಂಚಿಗೆ ಹೊಡೆದುಕೊಳ್ಳುತ್ತದೆ. ನಿಮಿಷಕ್ಕೆ ಮೂರು ಸುತ್ತಾದರೆ ಗಂಟೆಗೆ 180 ಏಟು. ಮಣ್ಣಿನಲ್ಲಿದ್ದಾಗ ಡಿಸ್ಕನ್ನು ಉರುಳಿಸುವಷ್ಟು ಹಿಡಿತ ಸಿಗುವುದಿಲ್ಲ, ಜೇಡಿ ಮೆತ್ತಿಕೊಂಡು ಗಾಲಿಯ ಗೂಡೇ ಕಟ್ಟಿಹೋಗಬಹುದು. ಸಡಿಲ ಗುಂಡುಕಲ್ಲು ಇನ್ನೂ ತಂಟೆಕೋರ: ಒಡೆಯುವುದೂ ಇಲ್ಲ, ದಾರಿ ಬಿಡುವುದೂ ಇಲ್ಲ, ಕಟರ್‌ಹೆಡ್ ಎದುರು ಉರುಳಾಡುತ್ತ ಸ್ಕ್ರೇಪರ್‌ಗಳನ್ನು ಬುಡಸಮೇತ ಕೀಳುತ್ತದೆ. ಬಳೆಯ ಉಕ್ಕನ್ನು ಇನ್ನಷ್ಟು ಗಡುಸು ಮಾಡೋಣವೆಂದರೆ ಗಡುಸಾದಷ್ಟೂ ಏಟಿಗೆ ಚಕ್ಕೆ ಏಳುತ್ತದೆ. ಏಟು ತಾಳುವಂತೆ ಮೆದುವಾಗಿಸಿದರೆ ಬೆಣಚುಕಲ್ಲು ತಿನ್ನುತ್ತದೆ. ಎರಡೂ ಶತ್ರುಗಳಿಗೆ ಒಂದೇ ಉಕ್ಕು ಸಲ್ಲುವುದಿಲ್ಲ.

ಮೊದಲ ಹಂತದಲ್ಲಿ ಚಿಕ್ಕಪೇಟೆ–ಮೆಜೆಸ್ಟಿಕ್ ನಡುವೆ ಗೋದಾವರಿ ಎಂಬ ಯಂತ್ರಕ್ಕೆ ಆದದ್ದನ್ನು ಬೆಂಗಳೂರಿಗರು ಮರೆತಿರಲಿಕ್ಕಿಲ್ಲ. ಕಟರ್‌ಹೆಡ್ ಹಾಳಾಗಿ ಅದು ತಿಂಗಳುಗಟ್ಟಲೆ ನೆಲದಡಿ ನಿಂತಿತು. ಮೇಲೆ ಪೇಟೆ, ಕೆಳಗೆ ಅಲ್ಲಾಡದ ಯಂತ್ರ. ಕೊನೆಗೆ 2016ರಲ್ಲಿ ಹೊರಬಂತು. ಹಸಿರು ಮಾರ್ಗದ ಆ ಸುರಂಗದಲ್ಲಿ ರೈಲು ಓಡಿದ್ದು 2017ರ ಜೂನ್‌ನಲ್ಲಿ. ಯಂತ್ರ ನಿಂತಿದ್ದ ತಿಂಗಳುಗಳಲ್ಲಿ ಪತ್ರಿಕೆಗಳಲ್ಲಿ ಬಂದದ್ದು 'ಯಂತ್ರ ಸಿಕ್ಕಿಹಾಕಿಕೊಂಡಿದೆ' ಎಂಬ ಸುದ್ದಿ. ಯಂತ್ರ ಹಠಾತ್ತನೆ ಸಿಕ್ಕಿಕೊಳ್ಳುವುದು ಅಪರೂಪ. ಬಹುಪಾಲು ಪ್ರಸಂಗಗಳಲ್ಲಿ ಅದು ಮುಂಚೆಯೇ ಸೂಚನೆ ಕೊಟ್ಟಿರುತ್ತದೆ. ಸೂಚನೆಯನ್ನು ಓದುವುದು ಒಂದು ವಿದ್ಯೆ, ಓದಿದ ಮೇಲೆ ಯಂತ್ರ ನಿಲ್ಲಿಸುವುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಸುರಂಗ ಯಂತ್ರದ ಆಪರೇಟರ್ ಕೂರುವ ಕ್ಯಾಬಿನ್ನಿಗೆ ಕಿಟಕಿ ಇದ್ದರೂ ಕಲ್ಲು ಕಾಣುವುದಿಲ್ಲ. ಅವನ ಮುಂದಿರುವುದು ಪರದೆಯ ಮೇಲಿನ ಅಂಕಿಗಳು: ಎಷ್ಟು ಟನ್ ಒತ್ತಡ ಹಾಕುತ್ತಿದ್ದೇವೆ, ಕಟರ್‌ಹೆಡ್ ತಿರುಗಿಸಲು ಎಷ್ಟು ಬಲ ಬೇಕಾಗುತ್ತಿದೆ, ಸುತ್ತಿಗೆ ಎಷ್ಟು ಮಿಲಿಮೀಟರ್ ಒಳಹೋಗುತ್ತಿದ್ದೇವೆ. ಡಿಸ್ಕ್ ಮೊಂಡಾದರೆ ಅಂಚು ಅಗಲವಾಗುತ್ತದೆ. ಅಗಲವಾದರೆ ಅಷ್ಟೇ ಒಳಹೋಗಲು ಹೆಚ್ಚು ಒತ್ತಡ ಬೇಕು. ಹಾಗಾಗಿ ಒತ್ತಡ ಏರುತ್ತ, ವೇಗ ಇಳಿಯುತ್ತ ಹೋದರೆ ಸವೆತದ ಶಂಕೆ. ಆದರೆ ಎದುರಿಗೆ ಇನ್ನೂ ಗಟ್ಟಿ ಕಲ್ಲು ಬಂದರೂ ಪರದೆಯ ಮೇಲೆ ಇದೇ ಚಿತ್ರ. ಮೊಂಡು ಡಿಸ್ಕಿಗೂ ಹೊಸ ಕಲ್ಲಿಗೂ ಒಂದೇ ಅಂಕಿ. ಇಡೀ ವಿದ್ಯೆಯ ಗಂಟು ಇರುವುದು ಇಲ್ಲೇ. ಕಂಪ್ಯೂಟರಿಗೆ ಹಳೆಯ ಅಂಕಿಗಳನ್ನು ಉಣಿಸಿ ಇವೆರಡನ್ನು ಬೇರ್ಪಡಿಸಲು ಜಗತ್ತಿನಾದ್ಯಂತ ಪ್ರಬಂಧಗಳು ಬರುತ್ತಿವೆ. ಒಂದು ಸುರಂಗದಲ್ಲಿ ಕಲಿತ ಮಾದರಿ ಇನ್ನೊಂದು ಊರಿನ ಕಲ್ಲಿನಲ್ಲಿ ತಡವರಿಸುವುದು ಸಹಜ. ನನಗೆ ಅದರಲ್ಲಿ ಅಚ್ಚರಿಯೇನೂ ಕಾಣುವುದಿಲ್ಲ.

ಅನುಭವಿಗಳು ಪರದೆಯ ಜೊತೆಗೆ ಕಲ್ಲು-ಮಣ್ಣನ್ನು ಹೊರಸಾಗಿಸುವ ಬೆಲ್ಟನ್ನೂ ನೋಡುತ್ತಾರೆ. ಹೊರಬರುವ ಕಲ್ಲಿನ ಚಕ್ಕೆ ಚಪ್ಪಟೆಯಾಗಿ, ಅಂಗೈಯಗಲವಾಗಿ, ಅಂಚು ಚೂಪಾಗಿದ್ದರೆ ಡಿಸ್ಕ್‌ಗಳು ಆರೋಗ್ಯವಾಗಿವೆ. ಚಕ್ಕೆ ಕಡಿಮೆಯಾಗಿ ಪುಡಿ ಹೆಚ್ಚಾದರೆ ಎಲ್ಲೋ ಉಜ್ಜಾಟ ಶುರುವಾಗಿದೆ. ಕಲ್ಲಿನ ಜೊತೆ ಉಕ್ಕಿನ ತುಣುಕು ಬಂದರೆ ಮತ್ತೆ ಕೇಳುವುದೇ ಬೇಡ. ಅದಕ್ಕೆಂದೇ ಕೆಲವೆಡೆ ಬೆಲ್ಟಿನ ಮೇಲೆ ಅಯಸ್ಕಾಂತ ಕಟ್ಟಿರುತ್ತಾರೆ. ಮಣ್ಣು ಇದ್ದಕ್ಕಿದ್ದಂತೆ ಬಿಸಿಯಾಗಿ ಬರುವುದೂ ಒಂದು ಗುರುತು. ನೀರು ಬೆರೆಸಿದ ಕೆಸರಿನಲ್ಲಿ ಕೆಲಸ ಮಾಡುವ ಸ್ಲರಿ ಯಂತ್ರಗಳಲ್ಲಿ ಈ ಅನುಕೂಲ ಕಡಿಮೆ. ಎಲ್ಲವೂ ಪೈಪಿನೊಳಗೆ ಹರಿದು ಹೋಗಿ ಮೇಲೆ ಜರಡಿಯ ಮೇಲೆ ಬಿದ್ದಾಗಲೇ ಕಾಣಬೇಕು.

ಯಂತ್ರ ತಯಾರಕರು ಹಲ್ಲಿಗೇ ಬಾಯಿ ಕೊಡಲು ನೋಡಿದ್ದಾರೆ. ಸ್ಕ್ರೇಪರ್ ಒಳಗೆ, ಇಂತಿಷ್ಟು ಆಳದಲ್ಲಿ, ಎಣ್ಣೆಯ ಸಣ್ಣ ನಾಳವನ್ನೋ ವಿದ್ಯುತ್ ತಂತಿಯನ್ನೋ ಹುದುಗಿಸುವುದು ಹಳೆಯ ಉಪಾಯ. ಉಕ್ಕು ಅಲ್ಲಿಯವರೆಗೆ ಸವೆದಾಗ ನಾಳದ ಒತ್ತಡ ಬೀಳುತ್ತದೆ, ತಂತಿ ಕಡಿಯುತ್ತದೆ, ಕ್ಯಾಬಿನ್ನಿನಲ್ಲಿ ದೀಪ ಹತ್ತುತ್ತದೆ. ಒಂದೇ ಮಾತು ಹೇಳಬಲ್ಲ ಸಾಧನ, ಆದರೆ ಸುಳ್ಳು ಹೇಳುವುದು ಕಡಿಮೆ. ಡಿಸ್ಕಿಗೆ ಇದು ಸಾಲದು. ಅದು ತಿರುಗುತ್ತಿದೆಯೋ ಇಲ್ಲವೋ ಎಂಬುದೇ ಮೊದಲ ಪ್ರಶ್ನೆ. ಜರ್ಮನಿಯ ಹೆರೆನ್‌ಕ್ನೆಕ್ಟ್ ಕಂಪನಿ ಪ್ರತಿ ಡಿಸ್ಕಿನ ತಿರುಗುವಿಕೆಯನ್ನೂ ಬಿಸಿಯನ್ನೂ ಅಳೆದು ಆಪರೇಟರನಿಗೆ ತೋರಿಸುವ ವ್ಯವಸ್ಥೆ ಮಾಡಿದೆ. ರಾಬಿನ್ಸ್ ಕಂಪನಿ ಇದಕ್ಕೆ ಕಂಪನವನ್ನೂ ಸೇರಿಸಿ ತಂತಿಯಿಲ್ಲದೆ ಸುದ್ದಿ ಕಳಿಸುವ ಸೆನ್ಸರ್ ಮಾಡಿತು. ಇದರಲ್ಲಿ ಒಂದು ಜಾಣತನವಿದೆ. ಡಿಸ್ಕ್ ಸವೆದಷ್ಟೂ ಅದರ ವ್ಯಾಸ ಕುಗ್ಗುತ್ತದೆ, ಕುಗ್ಗಿದಷ್ಟೂ ಅದೇ ದೂರಕ್ಕೆ ಹೆಚ್ಚು ಸಲ ತಿರುಗಬೇಕು. ಹಾಗಾಗಿ ಸುತ್ತು ಎಣಿಸಿದರೆ ಸವೆತದ ಅಂದಾಜೂ ಸಿಗುತ್ತದೆ. ಬಳೆಯ ಅಂಚು ಎಷ್ಟು ದೂರ ಸರಿದಿದೆ ಎಂದು ವಿದ್ಯುತ್ಕಾಂತೀಯವಾಗಿ ನೇರ ಅಳೆಯುವ ಪ್ರಯತ್ನಗಳೂ ಇವೆ. ಇವೆಲ್ಲ ಕೂತಿರುವ ಜಾಗವನ್ನು ಮಾತ್ರ ಮರೆಯಬಾರದು: ಮುಂದೆ ಕಲ್ಲು, ಸುತ್ತ ಕೆಸರು ನೀರು, ನಿಲ್ಲದ ಗುದ್ದು. ಹಲ್ಲಿಗಿಂತ ಮೊದಲು ಸೆನ್ಸರೇ ಸತ್ತರೆ ಪರದೆ ಖಾಲಿ.

ಆದ್ದರಿಂದ ಕೊನೆಗೆ ಮನುಷ್ಯನೇ ಒಳಗೆ ಹೋಗಬೇಕು. ಇದನ್ನು ಸೈಟಿನಲ್ಲಿ ಇಂಟರ್ವೆನ್ಷನ್ ಎನ್ನುತ್ತಾರೆ, ಕೇಳಲು ಕಚೇರಿಯ ಸಭೆಯಂತಿದೆ. ನಿಜದಲ್ಲಿ ನಡೆಯುವುದು ಹೀಗೆ. ಕಟರ್‌ಹೆಡ್ಡಿನ ಹಿಂದಿನ ಕೋಣೆಯಲ್ಲಿ ತುಂಬಿರುವ ಮಣ್ಣನ್ನು ಅರ್ಧದಷ್ಟು ತೆಗೆಯುತ್ತಾರೆ. ಆ ಮಣ್ಣಿನ ಒತ್ತಡವೇ ಇಷ್ಟು ಹೊತ್ತು ಎದುರಿನ ನೆಲವನ್ನು ಹಿಡಿದು ನಿಲ್ಲಿಸಿದ್ದು. ಅದರ ಬದಲು ಈಗ ಒತ್ತಿದ ಗಾಳಿ ತುಂಬಬೇಕು. ಹತ್ತು ಮೀಟರ್ ನೀರಿನ ಆಳಕ್ಕೆ ಸುಮಾರು ಒಂದು ಬಾರ್. ಇಬ್ಬರೋ ಮೂವರೋ ಕಬ್ಬಿಣದ ಚಿಕ್ಕ ಕೊಠಡಿಯಲ್ಲಿ ಕೂತು, ಒತ್ತಡ ನಿಧಾನ ಏರಿದ ಮೇಲೆ, ಸಣ್ಣ ಬಾಗಿಲಿನಿಂದ ನುಸುಳಿ ಒಳಗೆ ಹೋಗುತ್ತಾರೆ. ಟಾರ್ಚಿನ ಬೆಳಕು, ಸೆಖೆ, ಕಾಲಡಿ ಕೆಸರು. ಮೊದಲು ಒತ್ತಡದ ನೀರಿನಿಂದ ಹಲ್ಲು ತೊಳೆಯುತ್ತಾರೆ. ಆಮೇಲೆ ಹೊಸ ಬಳೆಯ ಆಕಾರಕ್ಕೆ ಕತ್ತರಿಸಿದ ತಗಡಿನ ಅಚ್ಚನ್ನು ಒಂದೊಂದೇ ಡಿಸ್ಕಿಗೆ ಹಿಡಿದು, ನಡುವಿನ ಸಂದಿಯನ್ನು ಅಳೆದು ಕೂಗಿ ಹೇಳುತ್ತಾರೆ: ಇಪ್ಪತ್ತೆರಡನೇ ನಂಬರು, ಹದಿನೆಂಟು ಮಿಲಿಮೀಟರು. ಕೈಯಿಂದ ತಿರುಗಿಸಿ ನೋಡುತ್ತಾರೆ. ತೀರ ಸಲೀಸಾಗಿ ತಿರುಗಿದರೂ ಅನುಮಾನ, ಹಿಡಿದಂತಾದರೂ ಅನುಮಾನ. ಎಣ್ಣೆ ಒಸರಿದೆಯೇ, ಬೋಲ್ಟು ಸಡಿಲವೇ ಎಂದು ನೋಡುತ್ತಾರೆ. ಬದಲಿಸಬೇಕೆಂದರೆ ನೂರೈವತ್ತು ಕೆಜಿ ಆಸುಪಾಸಿನ ಕಬ್ಬಿಣದ ಗುಂಡನ್ನು ಸರಪಳಿಗೆ ತೂಗುಹಾಕಿ, ಸೊಂಟ ನೆಟ್ಟಗೆ ಮಾಡಲೂ ಜಾಗವಿಲ್ಲದ ಕಡೆ ಕಳಚಿ, ಹೊಸದನ್ನು ಕೂರಿಸಬೇಕು. ಹೊರಬರುವಾಗ ಅವಸರ ಕೂಡದು. ಒತ್ತಡ ಮೆಲ್ಲಗೆ ಇಳಿಯದಿದ್ದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಏಳುತ್ತದೆ. ಸಮುದ್ರದಾಳಕ್ಕಿಳಿಯುವ ಮುಳುಗುಗಾರರಿಗೆ ಬರುವ ಅದೇ ಕಾಯಿಲೆ. ಕೆಲಸ ಮಾಡಿದ ಹೊತ್ತಿನ ಒಂದು ದೊಡ್ಡ ಪಾಲು ಹೊರಬರಲು ಕಾಯುವುದರಲ್ಲೇ ಕಳೆಯುತ್ತದೆ.

ಈ ಕಷ್ಟ ತಪ್ಪಿಸಲೆಂದೇ ಹ್ಯಾಂಬರ್ಗಿನ ನಾಲ್ಕನೇ ಎಲ್ಬೆ ಸುರಂಗಕ್ಕೆ ಬಳಸಿದ ಟ್ರೂಡೆ ಎಂಬ 14.2 ಮೀಟರಿನ ಯಂತ್ರದಲ್ಲಿ ಕಟರ್‌ಹೆಡ್ಡಿನ ತೋಳುಗಳನ್ನೇ ಮನುಷ್ಯ ಹೋಗಬಹುದಾದಷ್ಟು ಟೊಳ್ಳಾಗಿ ಮಾಡಿದ್ದರು. ಮಾಮೂಲಿ ಗಾಳಿಯಲ್ಲೇ ಹಿಂದಿನಿಂದ ಹಲ್ಲು ಬದಲಿಸಬಹುದಿತ್ತು. ಆರೂವರೆ ಮೀಟರಿನ ಮೆಟ್ರೊ ಯಂತ್ರದ ತೋಳಿನಲ್ಲಿ ಅಂಥ ಜಾಗ ಇರುವುದಿಲ್ಲ.

ಇನ್ನು ನಿಲ್ಲಿಸುವ ವಿದ್ಯೆ. ಸೆನ್ಸರ್‌ಗಳ ಬಗ್ಗೆ ಬರೆಯುವವರು ಇದನ್ನು ಮುಟ್ಟುವುದು ಕಡಿಮೆ. ನನ್ನ ಮಟ್ಟಿಗೆ ಮುಖ್ಯ ವಿಷಯ ಇದೇ. ಯಂತ್ರ ನಿಂತ ದಿನಕ್ಕೂ ಖರ್ಚಿದೆ: ನೂರಾರು ಜನರ ಸಂಬಳ, ಕ್ರೇನು, ಪಂಪು, ಸಾಲದ ಬಡ್ಡಿ. ತಿಂಗಳ ಗುರಿ ಮೀಟರ್‌ಗಳಲ್ಲಿರುತ್ತದೆ. ಬಿಲ್ಲೂ ಮೀಟರ್‌ಗಳಲ್ಲೇ. ಹಾಗಾಗಿ ಶಿಫ್ಟ್ ಇಂಜಿನಿಯರಿಗೆ ಶಂಕೆ ಬಂದರೂ 'ಇನ್ನು ಹತ್ತು ಮೀಟರ್ ಹೋಗಿ ನೋಡೋಣ' ಎನ್ನುವುದೇ ಸುಲಭದ ದಾರಿ. ಆ ಹತ್ತು ಮೀಟರಿನಲ್ಲಿ ನಡೆಯುವುದು ಇಷ್ಟು: ಸತ್ತ ಡಿಸ್ಕಿನ ಪಾಲಿನ ಕಲ್ಲು ಒಡೆಯದೆ ದಿಂಡಾಗಿ ಉಳಿಯುತ್ತದೆ. ಅಕ್ಕಪಕ್ಕದ ಎರಡು ಡಿಸ್ಕ್‌ಗಳು ಅದರ ಭಾರವನ್ನೂ ಹೊರಬೇಕು. ಅವು ಸಾಯುತ್ತವೆ. ಅವುಗಳ ನೆರೆಯವೂ ಸಾಯುತ್ತವೆ. ಆಮೇಲೆ ಕಲ್ಲಿಗೆ ಉಜ್ಜುವುದು ಡಿಸ್ಕ್ ಅಲ್ಲ, ಕಟರ್‌ಹೆಡ್ಡಿನ ಮೈ. ಅಂಚಿನ ಗೇಜ್ ಕಟರ್ ಸವೆದರೆ ಇನ್ನೊಂದು ಬಗೆಯ ಆಪತ್ತು: ಅದು 15 ಮಿ.ಮೀ. ಸವೆದರೆ ಸುರಂಗದ ವ್ಯಾಸ 30 ಮಿ.ಮೀ. ಕುಗ್ಗುತ್ತದೆ. ಹಿಂದೆ ಬರುವ ಯಂತ್ರದ ಉಕ್ಕಿನ ಕವಚಕ್ಕೆ ಬಿಟ್ಟಿರುವ ಸಂದಿಯೇ ಅಷ್ಟು. ತಾನೇ ಕೊರೆದ ತೂತಿನಲ್ಲಿ ಯಂತ್ರ ಬಿಗಿದುಕೊಳ್ಳುತ್ತದೆ. ಎರಡು ದಿನದ ನಿಲುಗಡೆ ಉಳಿಸಲು ಹೋಗಿ ಮೂರು ತಿಂಗಳು ಕಳೆಯುವುದು ಹೀಗೆ.

ನಿಲ್ಲಿಸುವುದಕ್ಕೂ ಜಾಗ ಬೇಕು. ಹಳೆಯ ಕಟ್ಟಡದ ಅಡಿಯಲ್ಲಿ, ರೈಲು ಹಳಿಯ ಅಡಿಯಲ್ಲಿ, ಸಡಿಲ ಮೊರಂನಲ್ಲಿ ಕೋಣೆ ಖಾಲಿ ಮಾಡಿ ಮನುಷ್ಯರನ್ನು ಕಳಿಸುವಂತಿಲ್ಲ; ಎದುರಿನ ನೆಲ ಕುಸಿದರೆ ಒಳಗಿದ್ದವರ ಜೀವಕ್ಕೂ ಮೇಲಿನ ರಸ್ತೆಗೂ ಅಪಾಯ. ಆದ್ದರಿಂದ ಚೆನ್ನಾಗಿ ನಡೆಯುವ ಕೆಲಸದಲ್ಲಿ ನಿಲುಗಡೆಗಳನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಿರುತ್ತಾರೆ: ಇಲ್ಲಿ ಕಲ್ಲು ಒಳ್ಳೆಯದು, ಇಲ್ಲಿ ಮಣ್ಣಿಗೆ ಗ್ರೌಟ್ ಹಾಕಿ ಗಟ್ಟಿ ಮಾಡಿದ್ದೇವೆ, ಹಲ್ಲು ಚೆನ್ನಾಗಿದೆಯೆನಿಸಿದರೂ ಇಲ್ಲಿ ನಿಂತು ನೋಡಲೇಬೇಕು. ಸೆನ್ಸರ್ ಹೇಳಲಿ ಬಿಡಲಿ, ನಿಲ್ಲುವುದು ಕರಾರಿನಲ್ಲೇ ಬರೆದಿರುತ್ತದೆ. ಶಿಫ್ಟ್ ಇಂಜಿನಿಯರಿನ ಧೈರ್ಯಕ್ಕೆ ಬಿಡುವುದಿಲ್ಲ.

ಹಲ್ಲು ಹೇಳಲಾರದ ಸಂಗತಿಯೂ ಇದೆ. ಅದಕ್ಕೆ ತೆಲಂಗಾಣದ್ದೇ ಒಂದು ಕಥೆ ಇದೆ. ಶ್ರೀಶೈಲಂ ಎಡದಂಡೆ ಕಾಲುವೆಯ ಸುರಂಗ 43.93 ಕಿ.ಮೀ. ಉದ್ದ. ಮೇಲೆ ಹುಲಿಗಳ ಕಾಡು, ಹಾಗಾಗಿ ನಡುವೆ ಎಲ್ಲೂ ಬಾವಿ ತೋಡಿ ಒಳಗಿಳಿಯುವಂತಿಲ್ಲ. ಎರಡು ತುದಿಯಿಂದ ಹತ್ತು ಮೀಟರಿನ ಎರಡು ರಾಬಿನ್ಸ್ ಯಂತ್ರಗಳು ಎದುರುಬದುರು ಹೊರಟವು. ದಾರಿಯಲ್ಲಿದ್ದ ಕ್ವಾರ್ಟ್‌ಜೈಟ್ ಎಂದರೆ ಹೆಚ್ಚುಕಡಿಮೆ ಇಡಿಯಾಗಿ ಬೆಣಚುಕಲ್ಲು. ಹಲ್ಲಿಗೆ ಅದಕ್ಕಿಂತ ಕ್ರೂರ ಕಲ್ಲು ಹುಡುಕಿದರೂ ಸಿಗದು. ಹೊಸ ಡಿಸ್ಕುಗಳು ಹತ್ತಾರು ಕಿ.ಮೀ. ಸುರಂಗದೊಳಗೆ ಪುಟ್ಟ ರೈಲಿನಲ್ಲಿ ಹೋಗಬೇಕು. ನೀರು ಹೊರಬೀಳುವ ತುದಿಯ ಯಂತ್ರ ಬೇರಿಂಗ್ ಕೆಟ್ಟು ದೀರ್ಘಕಾಲ ನಿಂತಿತ್ತು. ನೀರು ಒಳಹೋಗುವ ತುದಿಯ ಕಡೆ, 2025ರ ಫೆಬ್ರುವರಿ 22ರಂದು, ಸುಮಾರು 14ನೇ ಕಿ.ಮೀ. ಬಳಿ ಚಾವಣಿ ಕುಸಿದು ನೀರು, ಕೆಸರು, ಕಲ್ಲು ಒಟ್ಟಿಗೆ ನುಗ್ಗಿದವು. ಎಂಟು ಮಂದಿ ಒಳಗೆ ಸಿಕ್ಕಿಕೊಂಡರು. ಒಬ್ಬರೂ ಜೀವಂತವಾಗಿ ಬರಲಿಲ್ಲ. ರಕ್ಷಣೆಗೆ ಹೋದವರು ಯಂತ್ರವನ್ನೇ ತುಂಡು ತುಂಡಾಗಿ ಕತ್ತರಿಸಿ ದಾರಿ ಮಾಡಬೇಕಾಯಿತು. ಆ ದುರಂತವನ್ನು ಹಲ್ಲಿನ ಸವೆತಕ್ಕೆ ಕಟ್ಟುವುದು ಅನ್ಯಾಯ, ನಾನು ಕಟ್ಟುತ್ತಿಲ್ಲ. ಹೇಳುವುದು ಇಷ್ಟೇ: ಕಟರ್‌ಹೆಡ್ ಹೇಳಬಲ್ಲದ್ದು ತಾನು ಮುಟ್ಟುತ್ತಿರುವ ಕಲ್ಲಿನ ಬಗ್ಗೆ. ಇಪ್ಪತ್ತು ಮೀಟರ್ ಮುಂದಿನ ಸಡಿಲ ಪಟ್ಟಿಯನ್ನು ಅದು ಕಾಣದು. ಅದಕ್ಕೆ ಮುಂದಕ್ಕೆ ತೂತು ಕೊರೆದು ನೋಡಬೇಕು, ಮೇಲಿನಿಂದ ಸಮೀಕ್ಷೆ ಆಗಬೇಕು. ಉಳಿದ ಒಂಬತ್ತು ಕಿ.ಮೀ. ಚಿಲ್ಲರೆಗೆ ಸರ್ಕಾರ ಯಂತ್ರದ ದಾರಿ ಬಿಟ್ಟು ಸಿಡಿಮದ್ದಿನ ದಾರಿ ಹಿಡಿದಿದೆ.

ಯಂತ್ರ ಕೆಟ್ಟದ್ದು ಯಾಕೆ ಎಂಬ ಪ್ರಶ್ನೆ ಅಮೆರಿಕದ ಸಿಯಾಟಲ್‌ನಲ್ಲಿ ಕೋರ್ಟಿನವರೆಗೆ ಹೋಯಿತು. ಬರ್ತಾ ಎಂಬ ಹೆಸರಿನ, 17 ಮೀಟರಿಗೂ ಹೆಚ್ಚು ವ್ಯಾಸದ ಯಂತ್ರ 2013ರ ಡಿಸೆಂಬರಿನಲ್ಲಿ ಬಿಸಿಯೇರಿ ನಿಂತದ್ದು ಮತ್ತೆ ಹೊರಟದ್ದು ಎರಡು ವರ್ಷದ ಮೇಲೆ. ಅಂತರ್ಜಲ ನೋಡಲೆಂದು ಹೆದ್ದಾರಿ ಇಲಾಖೆಯೇ ಹಿಂದೆ ಹುಗಿದಿದ್ದ ಎಂಟಿಂಚಿನ ಉಕ್ಕಿನ ಪೈಪು ಕಟರ್‌ಹೆಡ್ಡಿಗೆ ಸಿಕ್ಕಿತ್ತು. ಪೈಪಿನಿಂದಲೇ ಕೆಟ್ಟಿತು ಎಂದು ಗುತ್ತಿಗೆದಾರರು, ಯಂತ್ರವೇ ಸರಿಯಿರಲಿಲ್ಲ ಎಂದು ಸರ್ಕಾರ. ಪೈಪಿನ ತುಂಡುಗಳೂ ಕೆಲಸದ ದಿನಚರಿಯೂ ಕಾಣೆಯಾಗಿದ್ದುದು ಮೊಕದ್ದಮೆಯಲ್ಲಿ ದೊಡ್ಡ ವಿಷಯವಾಯಿತು. 2019ರಲ್ಲಿ ಜ್ಯೂರಿ ಸರ್ಕಾರದ ಪರ ತೀರ್ಪು ಕೊಟ್ಟಿತು, 5.72 ಕೋಟಿ ಡಾಲರ್. ಯಾವ ದಿನ ಯಾವ ಹಲ್ಲು ಹೇಗೆ ಮುರಿಯಿತು ಎಂದು ಬರೆದಿಟ್ಟ ಪುಸ್ತಕಕ್ಕೆ ಇಷ್ಟು ಬೆಲೆ.

ಅಂಥ ಪುಸ್ತಕ ಪ್ರತಿ ಸುರಂಗದಲ್ಲೂ ಇರುತ್ತದೆ. ಕಟರ್ ಶಾಪಿನಲ್ಲಿ ಸವೆದ ಡಿಸ್ಕನ್ನು ಬಿಚ್ಚಿ, ಬೇರಿಂಗು ಸೀಲು ನೋಡಿ, ಹೊಸ ಬಳೆಯನ್ನು ಬಿಸಿ ಮಾಡಿ ಹಿಗ್ಗಿಸಿ ಗಾಲಿಗೆ ತೊಡಿಸುತ್ತಾರೆ; ಆರಿದಾಗ ಅದು ಬಿಗಿಯಾಗಿ ಕೂರುತ್ತದೆ. ಪಕ್ಕದಲ್ಲೇ ರಿಜಿಸ್ಟರು: ಡಿಸ್ಕಿನ ನಂಬರು, ಮುಖದ ಮೇಲೆ ಇದ್ದ ಜಾಗ, ಹಾಕಿದ ಮೀಟರು, ತೆಗೆದ ಮೀಟರು, ಎಷ್ಟು ಮಿಲಿಮೀಟರ್ ಸವೆತ, ಸಾವಿನ ಕಾರಣ. ಗುಲಾಬಿ ಮಾರ್ಗದ ಒಂಬತ್ತು ಯಂತ್ರಗಳು ಸುಮಾರು 21 ಕಿ.ಮೀ. ಕೊರೆದಿವೆ. ಆ ಒಂಬತ್ತು ರಿಜಿಸ್ಟರುಗಳನ್ನು ಒಂದರ ಪಕ್ಕ ಒಂದಿಟ್ಟರೆ ಬೆಂಗಳೂರಿನ ಹೊಟ್ಟೆಯೊಳಗೆ ಎಲ್ಲಿ ಕಲ್ಲು, ಎಲ್ಲಿ ಮೊರಂ, ಎಲ್ಲಿ ಎರಡೂ ಬೆರೆತ ತಂಟೆ ಎಂಬ ನಕ್ಷೆ ಸಿಗುತ್ತದೆ. ಅಲ್ಲಲ್ಲಿ ಕೊರೆದ ಬೋರ್‌ಹೋಲ್‌ಗಳು ಅಂಥದ್ದನ್ನು ಕೊಡಲಾರವು. ಸಾರ್ವಜನಿಕ ಹಣದಲ್ಲಿ ಮುರಿದ ಹಲ್ಲುಗಳ ಲೆಕ್ಕ ಸಾರ್ವಜನಿಕರದ್ದೇ ಆಗಬೇಕು, ಗುತ್ತಿಗೆದಾರರ ಕಪಾಟಿನದ್ದಲ್ಲ.

ಇದು ಬರೀ ಇತಿಹಾಸದ ಆಸಕ್ತಿಯಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 16 ಕಿ.ಮೀ.ಗೂ ಉದ್ದದ ಸುರಂಗ ರಸ್ತೆಯ ಯೋಜನೆ ಬಂದಿದೆ. ಸಾಲು ಸಾಲು ಕಾರುಗಳು ಹೋಗುವ ಸುರಂಗಕ್ಕೆ ಮೆಟ್ರೊ ಯಂತ್ರದ ಮುಖ ಸಾಲದು. ವ್ಯಾಸ ಇಮ್ಮಡಿಯಾದರೆ ಅಂಚಿನ ಡಿಸ್ಕ್ ಅದೇ ಕಲ್ಲಿನಲ್ಲಿ, ಅದೇ 5 ಮಿ.ಮೀ. ಲೆಕ್ಕದಲ್ಲಿ, ಪ್ರತಿ ಮೀಟರಿಗೆ ನಾಲ್ಕರ ಬದಲು ಎಂಟು ಕಿ.ಮೀ. ಓಡಬೇಕು. ಕೊರೆಯಬೇಕಾದ ಮುಖ ನಾಲ್ಕು ಪಟ್ಟಾಗುತ್ತದೆ. ಹದಿಮೂರು ಮೀಟರ್ ಎತ್ತರದ ಆ ಮುಖದಲ್ಲಿ ಕಲ್ಲು, ಮೊರಂ, ಗುಂಡುಕಲ್ಲು ಮೂರೂ ಒಟ್ಟಿಗೆ ಬೀಳುವ ಸಂಭವ ಹೆಚ್ಚು. ಹಲ್ಲು ನೋಡಲು ಎಷ್ಟು ಸಲ, ಯಾವ ರಸ್ತೆಯ ಅಡಿಯಲ್ಲಿ ನಿಲ್ಲುತ್ತೀರಿ, ಆ ದಿನಗಳ ಖರ್ಚು ಯಾರದ್ದು ಎಂದು ಟೆಂಡರಿನಲ್ಲೇ ಬರೆಸಿಕೊಳ್ಳಬಹುದು. ಯಂತ್ರ ನೆಲದೊಳಗೆ ಹೋದ ಮೇಲೆ ಆ ಪ್ರಶ್ನೆ ಕೇಳಿದರೆ ಉತ್ತರ ಕೊಡುವವರು ವಕೀಲರು.